ಅಣ್ಣನ ಗಾಡಿಗೆ ಬಣ್ಣ ಬಳಿದದ್ದು

ಡ್ರಾಯಿಂಗ್ ಮಾಸ್ತರನನ್ನು ಬಣ್ಣದ ಯಾವ ಕೆಲಸಕ್ಕಾದರೂ ಕರೆಯಬಹುದು ಎಂದು ಜನ ತಿಳಿದಿರುತ್ತಾರೆ. ಮದುವೆ ಮನೆಯ ಗೋಡೆಗೆ ವಧೂವರರ ಹೆಸರು ಬರೆಯಲು ಕರೆದಿದ್ದಾರೆ, ಗಣಪತಿಯ ಹಿಂದೆ ಹಿಮಾಲಯ ನಿಲ್ಲಿಸಲು ಕರೆದಿದ್ದಾರೆ, ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಹಚ್ಚಲೂ ಕರೆದಿದ್ದಾರೆ. ಎತ್ತು ಮಾತ್ರ ನನ್ನ ಕಲೆಯನ್ನು ಮೆಚ್ಚದೆ ತಲೆ ಕೊಡವಿ ನನ್ನ ಅಂಗಿಗೇ ಬಣ್ಣ ಹಚ್ಚಿತು. ಮುಧೋಳದ ಶಾಲೆಯೊಂದರಲ್ಲಿ ನಾನು ಜನ್ಮಪೂರ್ತಿ ಕಲಿಸಿದ್ದು ಹೆಚ್ಚುಕಡಿಮೆ ಒಂದೇ ಪಾಠ: ಬಣ್ಣ ಗೆರೆ ದಾಟಬಾರದು. ನನ್ನ ಕೈಯಲ್ಲಿ ಕಲಿತವರು ಮುಂದೆ ವಕೀಲರಾದರು, ಸಕ್ಕರೆ ಕಾರ್ಖಾನೆಯ ಗುಮಾಸ್ತರಾದರು, ಒಬ್ಬನೂ ಚಿತ್ರಕಾರನಾಗಲಿಲ್ಲ. ಆದರೆ ಎಲ್ಲರೂ ಗೆರೆಯೊಳಗೇ ಇದ್ದಾರೆ ಎಂಬ ಸಮಾಧಾನ ನನಗಿತ್ತು. ಇಂಥವನ ಪಾಲಿಗೆ, ನಿವೃತ್ತಿಯ ನಂತರ, ಗೆರೆಯೇ ಇಲ್ಲದ ಒಂದು ಕೆಲಸ ಬಂತು. ಒಂದು ಹಳೆಯ ಮಿಲ್ಟ್ರಿ ಟ್ರಕ್ಕಿಗೆ, ಮನೆಯಂಗಳದಲ್ಲಿ, ಮಿಲ್ಟ್ರಿಯವರ ಹಾಗೆಯೇ ಪಟ್ಟೆಪಟ್ಟೆ ಬಣ್ಣ ಬಳಿಯುವ ಕೆಲಸ.

ಟ್ರಕ್ಕು ನನ್ನ ಅಣ್ಣ ಗುರುಪಾದಪ್ಪನದು. ಅವನು ಸೈನ್ಯದಲ್ಲಿ ಡ್ರೈವರ್ ಆಗಿದ್ದ. ನಾವು ಕ್ಯಾಲೆಂಡರಿನಲ್ಲಿ ನೋಡುವ ಹಿಮದ ಗುಡ್ಡಗಳ ಮೇಲೆ ಅವನು ಅಕ್ಕಿ, ಬೇಳೆ, ಸೀಮೆಎಣ್ಣೆ ಹೇರಿಕೊಂಡು ಗಾಡಿ ಹೊಡೆದವನು. ಪಿಂಚಣಿ ಪಡೆದು ಊರಿಗೆ ಬಂದ ಮೇಲೆ ಸೈನ್ಯದವರು ಬೇಡವೆಂದು ಲಿಲಾವಿಗೆ ಹಾಕಿದ ಗಾಡಿಗಳಲ್ಲಿ ಒಂದನ್ನು ಕೊಂಡು ತಂದ. ಊರಿನ ಜನ ಮನೆ ಕಟ್ಟಿದರೆ, ಹೊಲ ಕೊಂಡರೆ, ಇವನು ತಾನು ಬಿಟ್ಟುಬಂದ ನೌಕರಿಯ ಒಂದು ತುಂಡನ್ನೇ ಕೊಂಡು ಅಂಗಳದಲ್ಲಿ ನಿಲ್ಲಿಸಿದ್ದ. ಆಮೇಲೆ ಅದು ಕಬ್ಬಿನ ಗಾಡಿಯಾಯಿತು. ಅದಕ್ಕೆ ಹಳದಿ ಬಣ್ಣ ಹೊಡೆದು ಬಾನೆಟ್ಟಿನ ಮೇಲೆ ಕಮಲವನ್ನೂ ಎರಡೂ ಬಾಗಿಲಿಗೆ ಒಂದೊಂದು ಗಿಳಿಯನ್ನೂ ಬರೆದವನು ನಾನೇ. ಗಿಳಿ ನೋಡಿ ಅಣ್ಣ, "ಕೋಳಿ ಛಲೋ ಬಂದಾವ ತಮ್ಮಾ" ಅಂದಿದ್ದ. ಅವನು ನನ್ನ ಚಿತ್ರದ ಬಗ್ಗೆ ಆಡಿದ ಒಳ್ಳೆಯ ಮಾತು ಅದೊಂದೇ. ವರ್ಷಗಟ್ಟಲೆ ಕಬ್ಬು ಎಳೆದು ಎಳೆದು ಕೊನೆಗೆ ಗಾಡಿಯ ಎಂಜಿನ್ ನಿಂತಿತು. ಗಾಲಿ ಬಿಚ್ಚಿ, ಕಲ್ಲಿನ ಮೇಲೆ ಏರಿಸಿ, ಬೇವಿನ ಮರದ ಬುಡದಲ್ಲಿ ಬಿಟ್ಟರು.

ಎರಡು ವರ್ಷಗಳಿಂದ ಅಣ್ಣನ ನೆನಪು ಸವೆಯತೊಡಗಿದೆ. ಮೊದಲು ಕನ್ನಡಕ ಮರೆತ, ಆಮೇಲೆ ಊಟ ಮಾಡಿದ್ದು ಮರೆತ, ಆಮೇಲೆ ಮಗಳಿಗೆ ಮದುವೆಯಾಗಿ ಜಮಖಂಡಿಗೆ ಹೋಗಿದ್ದಾಳೆಂಬುದನ್ನು ಮರೆತು ಅವಳಿಗೆ ಸಾಲೆಗೆ ಹೊತ್ತಾಯಿತೆಂದು ಕೂಗತೊಡಗಿದ. ಇಷ್ಟಾದರೆ ಹೇಗೋ ನಡೆಯುತ್ತಿತ್ತು. ದಿನಾ ಸಂಜೆ ಅವನಿಗೆ ತನ್ನ ಗಾಡಿ ನೆನಪಾಗುತ್ತಿತ್ತು. "ನನ್ನ ಗಾಡಿ ಎಲ್ಲೈತಿ?" ಎನ್ನುವನು. ಅತ್ತಿಗೆ ಕಸ್ತೂರವ್ವ, "ಇಲ್ಲೇ ಐತಲ್ರಿ, ಬೇವಿನ ಗಿಡದ ಬುಡಕ" ಎಂದರೆ, ಅವನು ಹಳದಿ ಗಾಡಿಯನ್ನು ಮೇಲಿಂದ ಕೆಳಗೆ ನೋಡಿ, "ಇದು ಯಾವನೋ ಕಬ್ಬಿನವಂದು. ನಂದು ಮಿಲ್ಟ್ರಿ ಗಾಡಿ" ಎಂದು ಚಪ್ಪಲಿ ಮೆಟ್ಟಿ ಹುಡುಕಲು ಹೊರಡುತ್ತಿದ್ದ. ಒಮ್ಮೆ ಲೋಕಾಪುರದ ರಸ್ತೆಯಲ್ಲಿ, ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು ಓಡುವ ಹೊತ್ತಿನಲ್ಲಿ, ನಡುರಸ್ತೆಗೆ ನಿಂತು ಒಂದೊಂದಕ್ಕೂ ಕೈ ಅಡ್ಡ ಹಿಡಿಯುತ್ತಿದ್ದನಂತೆ. ಪರಿಚಯದ ಕಂಡಕ್ಟರ್ ಒಬ್ಬರು ಬಸ್ಸಿಗೆ ಹತ್ತಿಸಿಕೊಂಡು ತಂದುಬಿಟ್ಟರು. ಅಂದು ಅತ್ತಿಗೆ ಅಳಲಿಲ್ಲ. ಅವನ ಕಾಲು ತೊಳೆದು, ಒರೆಸಿ, ನನ್ನ ಕಡೆ ತಿರುಗಿ, "ಮಾಸ್ತರ, ಈ ಗಾಡಿಗಿ ಮೊದಲಿನ ಬಣ್ಣ ಹಚ್ಚರಿ. ಇವರು ರಸ್ತೇದಾಗ ಸಾಯಬಾರದು" ಎಂದಳು.

ಮೊದಲಿನ ಬಣ್ಣ ಯಾವುದು? ಅದರ ಮೇಲೆ ಹಳದಿ ಬಳಿದವನು ನಾನೇ ಆದರೂ ನನಗದು ನೆನಪಿರಲಿಲ್ಲ. ಮನೆಯಲ್ಲಿದ್ದದ್ದು ಒಂದೇ ಫೋಟೊ. ಅಣ್ಣ ಗಾಡಿಯ ಮುಂದೆ ಎದೆಯುಬ್ಬಿಸಿ ನಿಂತಿದ್ದಾನೆ. ಗಾಡಿಯ ಮೈಮೇಲೆ ಮೋಡದಂಥ ಪಟ್ಟೆಗಳು ಕಾಣುತ್ತವೆ. ಆದರೆ ಫೋಟೊ ಕಪ್ಪು ಬಿಳುಪು. ಬೇರೆ ದಾರಿಯಿಲ್ಲದೆ, ಬೆಳಗಿನ ಚಹಾದ ಹೊತ್ತಿಗೆ ಅಣ್ಣನ ತಲೆ ಸ್ವಲ್ಪ ತಿಳಿಯಾಗಿರುವುದನ್ನು ನೋಡಿ ಕೇಳಿದೆ.

"ಅಣ್ಣಾ, ಮಿಲ್ಟ್ರಿ ಗಾಡಿ ಬಣ್ಣ ಹೆಂಗಿರತಾವೋ?"

ಅವನು ಕಪ್ಪಿನ ಚಹಾವನ್ನು ಬಸಿಗೆ ಸುರಿದುಕೊಂಡ. "ಕಾಣಬಾರದು. ಅಷ್ಟ."

ಜನರ ಕಣ್ಣಿಗೆ ಬೀಳಲೆಂದೇ ಬಣ್ಣ ಹಚ್ಚಿದವನು ನಾನು. ಕಾಣಬಾರದ ಬಣ್ಣವನ್ನು ಯಾವ ಅಂಗಡಿಯಲ್ಲಿ ಕೇಳಲಿ? ಹಸಿರು, ಮಣ್ಣಿನ ಬಣ್ಣ, ಕಪ್ಪು, ಈ ಮೂರು ಡಬ್ಬಿ ತಂದೆ. ಮೊದಲು ಹಳೆಯ ಬಣ್ಣ ಉಜ್ಜಿ ತೆಗೆಯಬೇಕಿತ್ತು. ನನ್ನ ಗಿಳಿಗಳನ್ನು ನಾನೇ ಕೊಕ್ಕಿನಿಂದ ಬಾಲದವರೆಗೆ ಉಜ್ಜಿ ಹಾಕಿದೆ. ಉಜ್ಜುತ್ತ ಉಜ್ಜುತ್ತ ಅವು ಕೋಳಿಯೇ ಹೌದೆಂದು ನನಗೂ ಅನ್ನಿಸಿತು. ಬಾನೆಟ್ಟಿನ ಕಮಲದ ಕೆಳಗೆ, ಹಳದಿಯ ಪದರ ಕಿತ್ತು ಬಂದ ಕಡೆ, ಅಂಗೈಯಗಲ ಮಾಸಿದ ಹಸಿರು ತೋರಿತು. ಕುರ್ಚಿ ಹಾಕಿಕೊಂಡು ನೋಡುತ್ತಿದ್ದ ಅಣ್ಣ ಎದ್ದು ಬಂದು ಆ ಜಾಗಕ್ಕೆ ಬೆರಳಿಟ್ಟ. "ಇಲ್ಲೈತಿ" ಅಂದ. ಅಷ್ಟು ಅಗಲದಲ್ಲಿ ಮಾತ್ರ ಅವನ ಗಾಡಿ ಸಿಕ್ಕಿತ್ತು. ಊಟಕ್ಕೆ ಕರೆಯುವವರೆಗೆ ಅಲ್ಲಿಂದ ಕೈ ತೆಗೆಯಲಿಲ್ಲ. ನಾನು ಉಜ್ಜುವುದನ್ನು ನಿಲ್ಲಿಸಿ ಬೇರೆ ಕಡೆ ಹೋಗಿ ಬ್ರಷ್ ತೊಳೆದೆ. ಅದು ಇನ್ನೂ ಬಣ್ಣ ಕಾಣದ ಹೊಸ ಬ್ರಷ್ ಎಂಬುದು ತೊಳೆದ ಮೇಲೆ ಹೊಳೆಯಿತು.

ಬಣ್ಣ ಹಚ್ಚಲು ಶುರು ಮಾಡಿದರೆ ನನ್ನ ಕೈ ಕೇಳಬೇಕಲ್ಲ. ಅಡ್ಡಾದಿಡ್ಡಿ ಪಟ್ಟೆ ಎಳೆಯಲು ಹೋದರೆ ಅದು ತಾನಾಗಿ ಮಾವಿನಕಾಯಿ ಆಗುತ್ತಿತ್ತು. ಒಂದು ಬದಿ ಮುಗಿಸಿ ಹೆಮ್ಮೆಯಿಂದ ಅತ್ತಿಗೆಯನ್ನು ಕರೆದೆ.

"ಛಲೋ ಆಗೈತ್ರಿ" ಎಂದಳು ಅತ್ತಿಗೆ, ತಡೆದು ತಡೆದು. "ಮದುವಿ ಸೀರಿ ಸೆರಗಿನಂಗ ಕಾಣತೈತಿ."

ಅಣ್ಣ ಕುರ್ಚಿಯಿಂದಲೇ ತೀರ್ಪು ಕೊಟ್ಟ: "ಕಾಣತೈತಿ."

ಅಳಿಸಿ ಮತ್ತೆ ಹಚ್ಚಿದೆ. ಈ ಸಲ ಪಟ್ಟೆಗಳೆಲ್ಲ ಒಂದೇ ಅಳತೆಗೆ ಬಂದು ಗಾಡಿಗೆ ದಡಾರ ಎದ್ದಂತಾಯಿತು. "ಇನ್ನೂ ಕಾಣತೈತಿ" ಎಂದ ಅಣ್ಣ. ಶಾಲೆಯಲ್ಲಿ ನನ್ನ ಕೆಲಸ ತಪಾಸಣೆ ಮಾಡಲು ಬಂದ ಸಾಹೇಬರುಗಳು ಯಾರೂ ಇಷ್ಟು ಕಟ್ಟುನಿಟ್ಟಾಗಿರಲಿಲ್ಲ.

ಈ ನಡುವೆ ಓಣಿಯಲ್ಲಿ ಸುದ್ದಿಯಾಗಿ ಪೊಲೀಸ್ ಹವಾಲ್ದಾರರೊಬ್ಬರು ಬಂದರು. "ಮಾಸ್ತರ್ರ, ಈ ಬಣ್ಣ ಹಚ್ಚಿ ಗಾಡಿ ರಸ್ತೆಕ್ ತರಾಕ ಬರಂಗಿಲ್ಲ ನೋಡ್ರಿ. ಕೇಸ್ ಆಕ್ಕೈತಿ."

"ರಸ್ತೆಕ್ ಹೆಂಗ ತರಲ್ರಿ, ಗಾಲೀನ ಇಲ್ಲ."

ಅವರು ಬಗ್ಗಿ ಕಲ್ಲುಗಳನ್ನು ನೋಡಿದರು. "ಮತ್ತ ಯಾಕ ಹಚ್ಚಾಕತ್ತೀರಿ?"

"ನಮ್ಮಣ್ಣಗ ಗುರುತ ಸಿಗಲಿ ಅಂತ."

"ಗುರುತ ಸಿಗಬಾರದಂತ ಹಚ್ಚೂ ಬಣ್ಣ ಅಲ್ರಿ ಅದು?" ಎಂದು ನಕ್ಕವರು, ಕುರ್ಚಿಯಲ್ಲಿ ಕೂತಿದ್ದ ಅಣ್ಣನನ್ನು ನೋಡಿ ನಗು ನಿಲ್ಲಿಸಿದರು. ಅಣ್ಣ ಎದ್ದು ನಿಂತು ಅವರಿಗೆ ಸೆಲ್ಯೂಟ್ ಹೊಡೆದ. ಹವಾಲ್ದಾರರು ತಡಬಡಾಯಿಸಿ ತಾವೂ ಹೊಡೆದರು. ಚಹಾ ಕುಡಿಯುವಾಗ, ಹುನ್ನೂರಿನಲ್ಲಿರುವ ತಮ್ಮ ತಾಯಿ ತಮ್ಮನ್ನು ತನ್ನ ಗಂಡನೆಂದೇ ತಿಳಿದಿದ್ದಾಳೆಂದೂ, ತಲೆಯ ಮೇಲೆ ಸೆರಗು ಹೊದ್ದು ಮಾತಾಡುತ್ತಾಳೆಂದೂ ಹೇಳಿದರು. "ಏನ್ ಮಾಡ್ತೀರಿ ಆವಾಗ?" ಎಂದೆ. "ಹೂಂ ಅಂತೇನ್ರಿ. ಅಲ್ಲ ಅಂದ್ರ ಅಳತಾಳ."

ಕೊನೆಗೆ ನನಗೆ ದಾರಿ ತೋರಿಸಿದ್ದು ಬೇವಿನ ಮರದ ನೆರಳು. ಮಧ್ಯಾಹ್ನ ಅದು ಗಾಡಿಯ ಮೇಲೆ ಬಿದ್ದಿತ್ತು. ಹೂವೂ ಅಲ್ಲ, ಹಣ್ಣೂ ಅಲ್ಲ, ಯಾವ ಆಕಾರವೂ ಇಲ್ಲ. ಅದನ್ನೇ ಬಣ್ಣದಿಂದ ತುಂಬಿಬಿಡೋಣವೆಂದು ಹೊರಟೆ. ಆದರೆ ಬ್ರಷ್ ಅದ್ದಿ ತರುವಷ್ಟರಲ್ಲಿ ನೆರಳು ಗೇಣು ಸರಿದಿರುತ್ತಿತ್ತು. ಗಾಳಿ ಬಂದರಂತೂ ಕೇಳುವುದೇ ಬೇಡ. ಮೊಣಕಾಲು ನೋವಿನ ಮುದುಕನೊಬ್ಬ ಡಬ್ಬಿ ಹಿಡಿದು ನೆರಳಿನ ಹಿಂದೆ ಓಡುವುದನ್ನು ಓಣಿಯ ಹೆಂಗಸರು ಗೋಡೆಯ ಮೇಲಿಂದ ನೋಡಿ ಸುಖಪಟ್ಟರು. ಕೆಲವರಿಗೆ ಅಣ್ಣತಮ್ಮರಲ್ಲಿ ತಲೆ ಕೆಟ್ಟವನು ಯಾರೆಂಬುದರ ಬಗ್ಗೆಯೇ ಸಂಶಯ ಬಂದಿರಬೇಕು. ಆದರೆ ನೆರಳಿನ ಮೇಲೆ ನೆರಳು ಬಿದ್ದು, ತಪ್ಪಿನ ಮೇಲೆ ತಪ್ಪು ಕೂಡಿ, ಗಾಡಿ ನಿಧಾನವಾಗಿ ಮರದ ಬುಡದಲ್ಲಿ ಕರಗತೊಡಗಿತು. ಅಣ್ಣನ ಕುರ್ಚಿಯಿಂದ "ಕಾಣತೈತಿ" ಬರುವುದು ನಿಂತಿತು. ಅವನು ಬಯ್ಯದಿರುವುದೇ ನನಗೆ ಶಾಬಾಸ್ ಆಗಿತ್ತು.

ಬಣ್ಣ ಒಣಗಿದ ದಿನ ಅತ್ತಿಗೆ ಅವನಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿ ಕೈಹಿಡಿದು ತಂದಳು. ಅವನು ಗಾಡಿಯನ್ನು ಒಂದು ಸುತ್ತು ಹಾಕಿದ. ಟಯರ್ ಇರಬೇಕಾದಲ್ಲಿ ಕಾಲಿನಿಂದ ಒದ್ದು ನೋಡಿದ. ಕಲ್ಲು ತಾಗಿತು, ಅದನ್ನೂ ಒಪ್ಪಿಕೊಂಡ. ಬಾಗಿಲಿಗೆ ಕೆನ್ನೆ ಹಚ್ಚಿ ನಿಂತ. ಆಮೇಲೆ ಯಾರ ಸಹಾಯವೂ ಇಲ್ಲದೆ, ಮೆಟ್ಟಿಲು ಹತ್ತಲೂ ಒಬ್ಬರ ಭುಜ ಬೇಡುತ್ತಿದ್ದವನು, ಒಂದೇ ಏಟಿಗೆ ಕ್ಯಾಬಿನ್ ಏರಿ ಸ್ಟೇರಿಂಗ್ ಹಿಡಿದು ಕೂತ. "ಬಂತು" ಎಂದ. ಅತ್ತಿಗೆ ಆಗ ಅತ್ತಳು. ನಾನೂ ಅಳುವವನಿದ್ದೆ. ಅಷ್ಟರಲ್ಲಿ ಅಣ್ಣ ಕಿಟಕಿಯಿಂದ ತಲೆ ಹೊರಹಾಕಿ ನನ್ನನ್ನೇ ದಿಟ್ಟಿಸಿ, ಅತ್ತಿಗೆಯನ್ನು ಕೇಳಿದ: "ಈ ಪೇಂಟರ್ ಯಾವೂರಾಂವ? ಛಲೋ ಮಾಡ್ಯಾನ. ಅವಂಗ ಚಹಾ ಕೊಟ್ಟ ಕಳಸ."

ಅಂದಿನವರೆಗೆ ಅವನು ನನ್ನನ್ನು ಮರೆತಿರಲಿಲ್ಲ. ಗಾಡಿ ಅಂಗಳಕ್ಕೆ ಬಂದ ದಿನವೇ ನಾನು ಹೊರಗಾದೆ. ಅತ್ತಿಗೆ, "ಅವರು ನಿಮ್ಮ ತಮ್ಮ ಅಲ್ಲೇನ್ರಿ" ಎಂದು ಬಾಯಿ ತೆರೆದಳು. ನಾನು ಬೇಡವೆಂದು ಕಣ್ಸನ್ನೆ ಮಾಡಿದೆ. ಹವಾಲ್ದಾರರ ಹಾಗೆ ನಾನೂ "ಹೂಂನ್ರಿ" ಎಂದು ಚಹಾ ಕುಡಿದೆ.

ಈಗ ಅಣ್ಣ ರಸ್ತೆಗೆ ಹೋಗುವುದಿಲ್ಲ. ದಿನಾ ಕ್ಯಾಬಿನ್ನಿನಲ್ಲಿ ಕೂತು ಗುಡ್ಡ ಹತ್ತಿ ಇಳಿಯುತ್ತಾನೆ. ನಾನು ಹೋದರೆ ಅಲ್ಲೊಂದು ಇಲ್ಲೊಂದು ಕಲೆ ತೋರಿಸಿ ಬಣ್ಣ ಹಚ್ಚಿಸುತ್ತಾನೆ. ತಮ್ಮನೊಂದಿಗೆ ನಾಲ್ಕು ಮಾತಿಗಿಂತ ಹೆಚ್ಚು ಆಡದವನು ಈ ಪೇಂಟರನಿಗೆ ಹಿಮದ ಕಥೆ, ಬ್ರೇಕ್ ತಪ್ಪಿದ ಕಥೆ ಎಲ್ಲ ಹೇಳುತ್ತಾನೆ. ಮೊನ್ನೆ ನಾನು ಬಾಗಿಲಿನ ಅಂಚಿಗೆ ಹಸಿರು ಹಚ್ಚುತ್ತಿದ್ದಾಗ ತುಸು ಹೊತ್ತು ನೋಡಿ, ದನಿ ತಗ್ಗಿಸಿ ಹೇಳಿದ:

"ಸಿಟ್ಟಾಗಬ್ಯಾಡ ಪೇಂಟರ್. ನಮ್ಮ ತಮ್ಮ ಒಬ್ಬ ಅದಾನ, ಡ್ರಾಯಿಂಗ್ ಮಾಸ್ತರ. ಅವನ ಕೈ ಅಂದ್ರ ಕೈ. ನಿನಗ ಅಷ್ಟ ಬರಂಗಿಲ್ಲ. ಬಾಳ ದಿನ ಆತು, ಈ ಕಡೆ ಬಂದಿಲ್ಲ ಅಂವ."

ಆ ತಮ್ಮನ ಮೇಲೆ ನನಗೆ ಎಂಥ ಹೊಟ್ಟೆಕಿಚ್ಚು ಬಂತೆಂದರೆ, "ಬಂದ್ರ ಹೇಳತೇನ್ರಿ" ಎಂದವನು, ಬಣ್ಣ ಗೆರೆ ದಾಟಿ ಕಿಟಕಿಯ ಗಾಜಿಗೆ ಹತ್ತಿದ್ದನ್ನೂ ನೋಡಲಿಲ್ಲ.