ಮನೋರಮಾಬಾಯಿಯ ಮಡಿ

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದೇ ಮಾತು: ಮುಟ್ಟಬ್ಯಾಡ್ರಿ.

ಶಿಗ್ಗಾಂವಿಯ ಹೊರಗಿನ ಆ ಶೆಡ್ಡಿನಲ್ಲಿ ಕುಂಟೆ, ಕೂರಿಗೆಗಳ ಭಾಗಗಳು ತಯಾರಾಗುತ್ತಿದ್ದವು. ಪ್ಲಾಸ್ಮಾ ಯಂತ್ರ ಬೆಂಕಿಯ ನಾಲಿಗೆ ಚಾಚಿ ದಪ್ಪ ತಗಡನ್ನು ಹಪ್ಪಳದಂತೆ ಕತ್ತರಿಸುತ್ತಿತ್ತು. ತುಂಡುಗಳನ್ನು ಮೇಜಿನಿಂದ ಇಳಿಸುವುದು ಮನೋರಮಾಬಾಯಿಯ ಕೆಲಸ. ಕೆಂಪಗಿರುವ ತುಂಡನ್ನು ಯಾರೂ ಮುಟ್ಟುವುದಿಲ್ಲ. ಕಪ್ಪಗಾಗಿ ಸಾಧುವಿನಂತೆ ಮಲಗಿದ ಮೇಲೆಯೇ ಅದು ಕೈ ಸುಡುವುದು.

ಗಂಡ ಹೋದ ಮೇಲೆ ಕೆಲಸಕ್ಕೆ ಸೇರಿದ ಈಕೆ ಆಚಾರರ ಮನೆತನದವಳೆಂದು ಯಾರೂ ಊಟಕ್ಕೆ ಜೊತೆಗೆ ಕರೆಯುತ್ತಿರಲಿಲ್ಲ. ಎಲ್ಲ ಗೌರವದಿಂದಲೇ. ಆ ಗೌರವವನ್ನು ಬಡಿಸಿಕೊಂಡು ಗೋಡೆಗೆ ಮುಖ ಮಾಡಿ ಉಂಡು ಆಕೆಗೆ ಸಾಕಾಗಿತ್ತು. ಇವತ್ತು ಬೇವಿನ ಮರದ ಕೆಳಗೆ ಎಲ್ಲರೊಡನೆ ಕೂರಲೇಬೇಕೆಂದು ಡಬ್ಬಿ ತುಂಬ ಚಪಾತಿ, ಬದನೆಕಾಯಿ ಎಣ್ಣೆಗಾಯಿ ತಂದು ಮೇಜಿನ ಪಕ್ಕದ ಸ್ಟೂಲಿನ ಮೇಲೆ ಇಟ್ಟಿದ್ದಳು. ಹೇಗೆ ಕರೆಯಬೇಕೆಂದು ಬಸ್ಸಿನಲ್ಲೇ ಬಾಯಿಪಾಠ ಮಾಡಿಕೊಂಡಿದ್ದಳು.

ಬಣ್ಣ ಹಚ್ಚುವ ದಿಲ್ಶಾದ ಬಂದು ತುಂಡಿನತ್ತ ಬರಿಗೈ ಚಾಚಿದಳು.

"ಮುಟ್ಟಬ್ಯಾಡ್ರಿ," ಮನೋರಮಾಬಾಯಿ ಕಿರುಚಿದಳು.

ದಿಲ್ಶಾದಳ ಕೈ ಹಿಂದೆ ಸರಿಯಿತು, ಮುಖವೂ. "ನಿಮ್ಮ ಡಬ್ಬಿ ಮುಟ್ಟಾಕ ಬಂದಿಲ್ರಿ ಬಾಯಾರ."

"ಡಬ್ಬಿ ಅಲ್ರೀ. ತುಂಡು ಬಿಸಿ ಅದ."

"ಕರ್ರಗ, ತಣ್ಣಗ ಬಿದ್ದೈತಿ. ಇರ್ಲಿ ಬಿಡ್ರಿ."

ಯಂತ್ರದ ಸದ್ದಿಗಿಂತ ಸುದ್ದಿ ಜೋರಾಗಿ ಹರಡಿತು. ಬೆಸುಗೆ ಹಾಕುವ ರುದ್ರೇಶ ಬಂದು, "ಇವತ್ತ ಏಕಾದಶಿ ಏನ್ರಿ?" ಎಂದು ಭಕ್ತಿಯಿಂದ ಕೇಳಿದ. ಕಸ ಹೊಡೆಯುವ ಸರೋಜವ್ವ ಆಕೆಯ ಸುತ್ತ ಮಾತ್ರ ಕಸ ಬಿಟ್ಟು ನಡುಗಡ್ಡೆ ಮಾಡಿದಳು. ಹಿರಿಯ ಕರಿಬಸಪ್ಪ ಸೀಮೆಸುಣ್ಣದಿಂದ ಸ್ಟೂಲಿನ ಸುತ್ತ ಗೆರೆ ಎಳೆದು, "ಯಾರೂ ದಾಟಬ್ಯಾಡ್ರಪಾ, ಬಾಯಾರು ಮಡಿಯೊಳಗದಾರ," ಎಂದ.

"ಮಡಿ ಅಲ್ರೀ, ಬಿಸಿ," ಎಂದಳು ಮನೋರಮಾಬಾಯಿ. ಎಲ್ಲರೂ ಒಪ್ಪಿದವರಂತೆ ತಲೆಯಾಡಿಸಿ ಇನ್ನಷ್ಟು ದೂರ ಸರಿದರು.

ಬೇರೆ ದಾರಿ ಕಾಣದೆ ಕೈಗವಸು ಕಳಚಿ, ಆಗಷ್ಟೇ ಕತ್ತರಿಸಿದ್ದ ಕಪ್ಪು ತುಂಡಿನ ಮೇಲೆ ಬೆರಳಿಟ್ಟಳು. ಹಂಚಿಗೆ ನೀರು ಚಿಮುಕಿಸಿದಂತೆ ಚುರ್ರೆಂದಿತು.

ಗೆರೆ ತುಳಿದು ಮೊದಲು ಓಡಿಬಂದವಳು ದಿಲ್ಶಾದ. "ಹುಚ್ಚಿ ಅದೀಯೇನ ಅಕ್ಕಾ?" ಎನ್ನುತ್ತ ಆಕೆಯ ಕೈ ಹಿಡಿದು ನಳದ ಕೆಳಗೆ ಇಟ್ಟಳು. ಉರಿ ಇಳಿದ ಮೇಲೂ ಮನೋರಮಾಬಾಯಿಗೆ ನಳ ನಿಲ್ಲಿಸುವುದು ಬೇಡವೆನಿಸಿತು. ಇನ್ನೊಬ್ಬರ ಕೈಯ ಬಿಸುಪು ಮರೆತೇ ಹೋಗಿತ್ತು.

ಗದ್ದಲಕ್ಕೆ ಮಾಲೀಕ ಶ್ರೀನಿವಾಸರಾಯರು ಹೊರಬಂದರು. ನಡೆದದ್ದನ್ನೆಲ್ಲ ಕೇಳಿ, "ಇಷ್ಟು ಕಾಳಜಿ ಇನ್ಯಾರಿಗದ? ಊಟದ ಹೊತ್ತಿಗೆ ತುಂಡು ಆರೋತನಕ ಬಾಯಾರ ಇಲ್ಲಿ ಕಾವಲ ಕೂಡ್ಲಿ," ಎಂದು ಅಪ್ಪಣೆ ಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಾಯಿಪಾಠವೆಲ್ಲ ಮರೆತು ಮನೋರಮಾಬಾಯಿ, "ಡಬ್ಬಿ ಎಲ್ಲಾರಿಗೂ ತಂದೀನ್ರೀ," ಎಂದಷ್ಟೇ ಹೇಳಿದಳು.

"ಮಡಿ ಇಲ್ಲ ಅಂದ್ರಲ್ಲ, ಡಬ್ಬಿ ನಾ ಒಯ್ತೇನಿ. ನೀವು ಲಗೂನ ಬರ್ರಿ," ಎಂದು ದಿಲ್ಶಾದ ಹೊರಟಳು.

ಬೇವಿನ ಮರದ ಕಡೆಯಿಂದ ನಗು ಕೇಳುತ್ತಿತ್ತು. ಮನೋರಮಾಬಾಯಿ ತುಂಡುಗಳನ್ನು ನೋಡುತ್ತ ಕೂತಳು. ಕಡೆಗೆ ಅವು ಆರಿದವು. ಆಕೆ ಎದ್ದು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ದಿಲ್ಶಾದಳೇ ಎದುರಾದಳು. ಕೈಯಲ್ಲಿ ತೊಳೆದ ಡಬ್ಬಿ.

"ಎಣ್ಣಿಗಾಯಿ ಭಾಳ ರುಚಿ ಇತ್ರಿ. ನಿಮಗ ಒಂದೀಟ ಇಡೂಣಂದ್ವಿ. ಆದ್ರ ಎಲ್ಲಾರೂ ಕೈ ಹಾಕಿದ್ದನ್ನ ನಿಮಗ ಹೆಂಗ ಕೊಡೂದ್ರಿ ಬಾಯಾರ? ಅದಕ್ಕ ಖಾಲಿ ಮಾಡಿದ್ವಿ."