ಹಗ್ಗ ಹಿಡಿಯೋರಿಲ್ಲದ ಈಜುಕೊಳ

ಪ್ರಪಂಚದ ಅತಿ ದೊಡ್ಡ ಈಜುಕೊಳ ಎಲ್ಲಿದೆ ಗೊತ್ತಾ? ಮೊಬೈಲನ್ನ ಕೇಳಬೇಡಿ, ಅದಕ್ಕೆ ಗೊತ್ತಿಲ್ಲ. ಚಳ್ಳಕೆರೆ ತಾಲ್ಲೂಕಿನ ನನ್ನಿವಾಳದಲ್ಲಿ, ನನ್ನ ಸೋದರಮಾವನ ಶೇಂಗಾ ಹೊಲದಲ್ಲಿದೆ! ನೋಡಿದವರೆಲ್ಲ ಅದನ್ನ ಬಾವಿ ಅಂತಾರೆ. ಹಾಗಂದವರಿಗೆ ಮಾವನ ಮನೇಲಿ ಟೀ ಸಿಗಲ್ಲ, ಅಷ್ಟೇ.

ಒಂದು ಸಲ ಹಟಕ್ಕೆ ಬಿದ್ದು ವಿಡಿಯೋ ತೋರಿಸಿದೆ. ಯಾವುದೋ ದೇಶದಲ್ಲಿ, ಸಮುದ್ರದ ಪಕ್ಕದಲ್ಲೇ ಕಟ್ಟಿರೋ ಕೊಳ. ಅದರೊಳಗೆ ದೋಣಿ ಓಡಾಡ್ತವೆ. ಮಾವ ಕನ್ನಡಕ ಏರಿಸಿದರು.

"ಪಕ್ಕದಾಗೆ ಸಮುದ್ರ ಇಟ್ಕಂಡು ತೊಟ್ಟಿ ಕಟ್ಟವ್ರಾ? ಇವರಿಗೇನು ತಲೆ ಕೆಟ್ಟೈತಾ?"

"ದೊಡ್ಡದು ಹೌದೋ ಅಲ್ವೋ ಹೇಳು ಮಾವ."

"ದೋಣಿ ಹೋದ್ರೆ ಅದು ಕೆರೆ ಕಣಮ್ಮ. ದಂಡೆ ಮ್ಯಾಲೆ ಹಗ್ಗ ಹಿಡ್ಕಂಡು ಯಾರು ಕುಂತವ್ರೆ? ಯಾರೂ ಇಲ್ಲ. ಹಂಗಾದ್ರೆ ಈಜುಕೊಳ ಅಲ್ಲ!"

ಮಾವನ ಕಾನೂನು ಅದು. ಕಾಲಿಗೆ ನೆಲ ಸಿಗಬಾರದು, ದಂಡೆ ಮೇಲೆ ನಿನ್ನ ಹಗ್ಗ ಹಿಡಿದೋರು ಒಬ್ಬರಿರಬೇಕು. ಇವೆರಡಿಲ್ಲದ್ದು ಎಷ್ಟೇ ದೊಡ್ಡದಾಗಿರಲಿ, ಎಮ್ಮೆ ಮೈ ತೊಳೆಯೋ ತೊಟ್ಟಿ. ಒಳಗಿನಿಂದ ಅತ್ತೆ "ಈಯನಕಿ ವೇರೇ ಪನಿ ಲೇದು" ಅಂತ ಗೊಣಗಿದರು. ಮೊಳಕಾಲ್ಮುರಿನ ಮಗ್ಗದ ಮನೆಯವರು. ಈ ಮನುಷ್ಯಂಗೆ ಬೇರೆ ಕೆಲಸ ಇಲ್ಲ ಅಂತ ತೆಲುಗಿನಲ್ಲಿ ಹೇಳಿದರೇನೇ ಅವರಿಗೆ ಸಮಾಧಾನ.

ಆದರೆ ಆ ಕೆಲಸದಲ್ಲಿ ಅತ್ತೆಗೂ ಪಾಲಿತ್ತು! ಬೇಸಿಗೆ ರಜೆಗೆ ನಾವೆಲ್ಲ ಆ ಬಾವಿಯಲ್ಲೇ ಈಜು ಕಲಿತಿದ್ದು. ಬೆನ್ನಿಗೆ ಒಣಗಿದ ಸೋರೆಬುರುಡೆ, ಸೊಂಟಕ್ಕೆ ಹಗ್ಗ. ಗಂಟು ಅತ್ತೆಯದು, ಹಗ್ಗ ಮಾವನದು. ರೇಷ್ಮೆ ಎಳೆ ಕಟ್ಟಿ ಪಳಗಿದ ಕೈ, ಗಂಟು ಜಾರೋ ಮಾತೇ ಇಲ್ಲ. ನಮ್ಮವ್ವ ಮಾತ್ರ ದಂಡೆ ಮೇಲೆ ನಿಂತು "ಹೆಣ್ಣುಹುಡುಗಿಗೆ ಈಜು ಯಾಕೋ?" ಅಂತ ಕೂಗೋಳು. "ನೀರಿಗೇನು ಗಂಡು ಹೆಣ್ಣು ಗೊತ್ತೈತೇನಕ್ಕಾ?" ಅಂತ ಮಾವ ನನ್ನ ತಳ್ಳೇಬಿಟ್ಟರು. ನೀರು ಕುಡಿದು, ಕಣ್ಣು ಕೆಂಪಗೆ ಮಾಡಿಕೊಂಡು ಮೇಲೆ ಬಂದರೆ ಬೇಯಿಸಿದ ಶೇಂಗಾಕಾಯಿ ಕಾದಿರೋದು. ಅಯ್ಯೋ, ಆ ರುಚಿ!

ಈಗ ಬಾವಿ ಬತ್ತಿ, ಒಳಗೆ ಜಾಲಿ ಬೆಳೆದಿದೆ. "ಈಗಲೂ ಅದೇ ದೊಡ್ಡದಾ ಮಾವ?" ಅಂದರೆ, "ಯಾಕೆ, ದೊಡ್ಡದು ಅನ್ನಾಕೆ ನೀರು ಬೇಕಾ?" ಅಂತ ನನ್ನನ್ನೇ ಬೈದರು. ಇವರ ಹತ್ತಿರ ವಾದ ಮಾಡಿ ಗೆದ್ದವರುಂಟೇ!

ಮೊನ್ನೆ ಬೇಸಿಗೆಯಲ್ಲಿ ಚಳ್ಳಕೆರೆಯ ಹೊರಗೊಂದು ಈಜುಕೊಳಕ್ಕೆ ಮಗಳನ್ನ ಸೇರಿಸಿದೆ. ವಾರವಾದರೂ ನೀರಿಗಿಳಿಯಲಿಲ್ಲ. ಮೆಟ್ಟಿಲ ಮೇಲೆ ಕೂತು ನಡುಗೋಳು. ಉಳಿದ ಮಕ್ಕಳು ನಗೋರು. ರಾತ್ರಿ "ನನ್ನ ಕೈಲಾಗಲ್ಲಮ್ಮ" ಅಂತ ಅತ್ತಳು. ನನಗೂ ಸಂಕಟವಾಯಿತು. ಸುದ್ದಿ ತಿಳಿದ ಮಾವ ಮರುದಿನವೇ ಬಸ್ಸು ಹತ್ತಿ ಬಂದರು, ಹೆಗಲ ಮೇಲೆ ಹಗ್ಗದ ಸಿಂಬಿ! ಅತ್ತೆಗೆ ಮಂಡಿನೋವು, ಬರಲಿಲ್ಲ.

"ಹಗ್ಗ ಎಲ್ಲ ಅಲೌ ಇಲ್ಲ ಅಜ್ಜಾ" ಅಂದರು ಈಜು ಕಲಿಸೋ ಮೇಷ್ಟ್ರು.

"ಹೆದರಿಕೆ ಅಲೋ ಐತಾ?"

ಮೇಷ್ಟ್ರು ನಕ್ಕು, ತಾವೂ ನೀರಿಗಿಳಿದು ಪಕ್ಕದಲ್ಲಿ ನಿಂತರು. ಮಾವ ನಡುಗೋ ಬೆರಳಲ್ಲಿ ತಾವೇ ಗಂಟು ಹಾಕಿದರು. "ಹೋಗು ಮಗಾ, ನಾನ್ ಹಿಡಿದೀನಿ."

"ಬಿಡಲ್ಲ ತಾನೇ ತಾತ?"

"ಬಿಟ್ರೆ ನಿಮ್ಮಜ್ಜಿ ನನ್ನ ಮನೆಗೆ ಸೇರಿಸ್ತಾಳೇನು?"

ಮಗಳು ನೀರಿಗೆ ಬಿದ್ದಳು. ಕೈಕಾಲು ಬಡಿದಳು, ಮುಳುಗಿದಳು, ಎದ್ದಳು, ಆಮೇಲೆ ಹೋಗೇಬಿಟ್ಟಳು! ಎದುರು ದಂಡೆ ಹಿಡಿದು "ಅಮ್ಮಾ!" ಅಂತ ಕಿರುಚಿದಳು. ನಾನು ಚಪ್ಪಾಳೆ ತಟ್ಟುತ್ತಾ ತಿರುಗಿ ನೋಡಿದೆ.

ಗಂಟು ಯಾವಾಗಲೋ ಬಿಚ್ಚಿಹೋಗಿತ್ತು. ಹಗ್ಗದ ಆ ತುದಿ ಕೊಳದ ನಡುವೆ ಸುಮ್ಮನೆ ತೇಲುತ್ತಿತ್ತು. ಈ ತುದಿಯನ್ನ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಕಾಲು ಊರಿ, ಮಾವ ನಿಂತೇ ಇದ್ದರು. ಪೊರೆ ಬಂದ ಕಣ್ಣಿಗೆ ಅಷ್ಟು ದೂರ ಕಾಣೋದಿಲ್ಲ.

"ಮುಟ್ಟಿದ್ಲಾ?" ಅಂದರು.

"ಮುಟ್ಟಿದ್ಲು ಮಾವ." ಗಂಟಿನ ವಿಷಯ ಹೇಳಲಿಲ್ಲ.

"ಹಂಗಾದ್ರೆ ಇದೂ ಈಜುಕೊಳಾನೇ ಬಿಡು" ಅಂದರು ಮಾವ, ಹಗ್ಗ ಮಾತ್ರ ಬಿಡದೆ.