ಆರು ಸಿಲಿಂಡರಿನ ಕರಡು ಪ್ರತಿ

"ಹಳೇ ಕಾರು ತೋರ್ಸಿ ನನಗೆ ಟೋಪಿ ಹಾಕೋ ಮನುಷ್ಯ ಈ ಭೂಮಿ ಮೇಲೆ ಇನ್ನೂ ಹುಟ್ಟಿಲ್ಲ! ಹುಟ್ಟಿದ್ರೂ ಅವನಿಗೆ ಇನ್ನೂ ಲೈಸೆನ್ಸ್ ಸಿಕ್ಕಿಲ್ಲ!"

ಕೆಂಪುಶಾಯಿಯವರು ಹೀಗೆ ಘೋಷಿಸಿದಾಗ ಅವರ ಹೆಂಡತಿ ಎದುರಿನ ಕುರ್ಚಿಯಲ್ಲಿ ಕೂತು ತನ್ನ ಹೆಗಲಿಗೆ ತಾನೇ ಮುಲಾಮು ಉಜ್ಜಿಕೊಳ್ಳುತ್ತಿದ್ದಳು. ಹದಿನೆಂಟು ವರ್ಷದ ಸಂಸಾರದಲ್ಲಿ ಇಂಥ ಘೋಷಣೆಗಳಿಗೆ ಉತ್ತರವನ್ನು ಕಾಲವೇ ಕೊಡುತ್ತದೆ ಎಂಬುದು ಆಕೆಗೆ ಗೊತ್ತಿತ್ತು.

ಕೆಂಪುಶಾಯಿ ಅವರ ಹೆಸರಲ್ಲ, ಪ್ರೆಸ್ಸಿನವರು ಕೊಟ್ಟ ಬಿರುದು. ಇಪ್ಪತ್ತೆರಡು ವರ್ಷದಿಂದ ಕರಡು ತಿದ್ದುವ ಆ ಮಹಾನುಭಾವರ ಕೈಗೆ ಹೋದ ಯಾವ ಹಾಳೆಯೂ ಕೆಂಪಾಗದೆ ವಾಪಸು ಬಂದದ್ದಿಲ್ಲ. ಡಾಕ್ಟರ ಚೀಟಿಯನ್ನೂ ತಿದ್ದಿದ್ದಾರೆ, ನೀರಿನ ಬಿಲ್ಲನ್ನೂ ತಿದ್ದಿದ್ದಾರೆ. ಅವರಿಗೆ ಎರಡು ಹೆಮ್ಮೆ. ಒಂದು, ಆಧಾರವಿಲ್ಲದ ಮಾತನ್ನು ಅಚ್ಚಿಗೆ ಬಿಟ್ಟವರೇ ಅಲ್ಲ. ಯಾರು ಹೇಳಿದ್ದು, ಎಲ್ಲಿ ಸಿಗುತ್ತಾರೆ ಎಂಬುದು ಪುಟದ ಕೆಳಗೆ ಅಡಿಟಿಪ್ಪಣಿಯಾಗಿ ಬರಲೇಬೇಕು. ಇನ್ನೊಂದು ಹೆಮ್ಮೆ ಚುಕ್ಕಿಯದು. ಕರಡು ತಿದ್ದುವವನು ಸರಿಯಾದ ಪದವನ್ನು ತಪ್ಪಾಗಿ ಹೊಡೆದುಹಾಕಿದರೆ ಅದರ ಕೆಳಗೆ ಸಾಲಾಗಿ ಚುಕ್ಕಿ ಇಡುವುದು ಆ ಕಸುಬಿನ ಪದ್ಧತಿ. 'ಹೊಡೆದದ್ದು ನನ್ನ ತಪ್ಪು, ಇದ್ದ ಹಾಗೆಯೇ ಇರಲಿ' ಎಂದು ಅದರ ಅರ್ಥ. ಇಪ್ಪತ್ತೆರಡು ವರ್ಷದಲ್ಲಿ ಕೆಂಪುಶಾಯಿಯವರು ಅಂಥ ಒಂದೇ ಒಂದು ಚುಕ್ಕಿ ಇಟ್ಟಿರಲಿಲ್ಲ!

ಹೆಂಡತಿ ಫಿಸಿಯೋಥೆರಪಿಸ್ಟ್. ಮನೆಮನೆಗೆ ಹೋಗಿ ಬೆನ್ನು, ಮಂಡಿ, ಕುತ್ತಿಗೆಗಳ ಹಟ ಬಿಡಿಸುವುದು ಕೆಲಸ. ರೋಗಿಯನ್ನು ಮಲಗಿಸಲು ಒಂದು ಮಡಚುವ ಮೇಜು. ಮಡಚಿದ ಮೇಲೂ ಅದು ನಾಲ್ಕಡಿ ಉದ್ದ, ಎರಡೂವರೆ ಅಡಿ ಅಗಲ. ಇಷ್ಟು ದಿನ ಅದನ್ನು ಹೊತ್ತು ತಿರುಗಿದ ಹಳೆಯ ಪುಟ್ಟ ಗಾಡಿ ಹೋದ ವಾರ ನಡುರಸ್ತೆಯಲ್ಲಿ ಕೊನೆಯುಸಿರೆಳೆದಿತ್ತು. ಅಂದಿನಿಂದ ಮೇಜು ಹೆಗಲ ಮೇಲೆ, ಹೆಂಡತಿ ಬಸ್ಸಿನಲ್ಲಿ. ಅದಕ್ಕೇ ಮುಲಾಮು.

"ರೀ, ನಂಗೆ ಬೇಕಾಗಿರೋದು ಓಡೋ ಗಾಡಿ ಅಷ್ಟೇ. ಸೋಮವಾರ ಬಿಟ್ಟು ಮುಂದಿನ ಸೋಮವಾರ ಬೆಳಿಗ್ಗೆ ಏಳಕ್ಕೆ ಸ್ಪೋರ್ಟ್ಸ್ ಕ್ಲಬ್ಬಲ್ಲಿ ಇರ್ಬೇಕು. ವಾರಕ್ಕೆ ನಾಲ್ಕು ದಿನದ ಕೆಲಸ. ಮೊದಲನೇ ದಿನವೇ ತಪ್ಪಿಸ್ಕೊಂಡ್ರೆ ಬೇರೆಯವರನ್ನ ಇಟ್ಕೋತಾರೆ."

"ಬರೀ ಓಡೋ ಗಾಡಿನಾ? ಛೆ! ನಮ್ಮ ಹತ್ರ ಇರೋ ದುಡ್ಡಿಗೇ ಆರು ಸಿಲಿಂಡರಿನ ಸ್ಪೋರ್ಟ್ಸ್ ಸಲೂನ್ ಬರುತ್ತೆ ಕಣೇ! ಪೆಟ್ರೋಲ್ ಕುಡಿಯುತ್ತೆ ಅಂತ ಹೆದರಿ ಜನ ಹಳೇದನ್ನ ಕಡಲೆಪುರಿ ಥರ ಮಾರ್ತಾರೆ."

"ಅಳಿಯಂದ್ರೇ," ಒಳಗಿನಿಂದ ಅತ್ತೆಯ ದನಿ ಬಂತು, "ಕ್ಷೌರದಂಗಡಿಗೆ ಆರು ಸಿಲಿಂಡರ್ ಯಾಕೆ? ನೀರು ಕಾಯ್ಸೋಕೆ ಒಂದು ಸಾಲ್ದಾ?"

ಕೆಂಪುಶಾಯಿಯವರು ಆಕಾಶ ನೋಡಿದರು. ಸೂರು ಅಡ್ಡ ಬಂತು.

ಆ ಶನಿವಾರ ಎರಡು ಕಾರು ನೋಡಿದರು. ಮೊದಲನೆಯದು ಹಲ್ಲಿನ ಡಾಕ್ಟರದು, ಕರಿ ಬಣ್ಣ. ಕೆಂಪುಶಾಯಿಯವರು ಬಾನೆಟ್ ಎತ್ತಿಸಿ, ಟಾರ್ಚು ಬಿಟ್ಟು, ಒಂದೊಂದು ಬೋಲ್ಟನ್ನೂ ಬೆರಳಿನಿಂದ ತಟ್ಟಿ ನೋಡಿದರು. ಡಾಕ್ಟರು ಕೈಕಟ್ಟಿ ನಿಂತಿದ್ದರು. ಬಾಯಿ ತೆರೆಸಿ ತಟ್ಟುವುದು ತಮ್ಮ ಕೆಲಸ, ಇವತ್ತು ಬೇರೆಯವರು ಮಾಡುತ್ತಿದ್ದಾರೆ ಎಂಬ ಸಂಕಟ ಅವರ ಮುಖದಲ್ಲಿತ್ತು.

"ಯಾಕೆ ಮಾರ್ತಿದ್ದೀರಿ?"

"ನನ್ನ ಕಾಲು ಉದ್ದ ಸ್ವಾಮಿ. ಬ್ರೇಕ್ ಒತ್ತಿದಾಗೆಲ್ಲ ಮಂಡಿ ಸ್ಟಿಯರಿಂಗಿಗೆ ಹೊಡೆಯುತ್ತೆ."

ಎರಡನೆಯದು ಬೆಳ್ಳಿ ಬಣ್ಣದ್ದು. ಒಡೆಯರು ವಾದ್ಯವೃಂದಕ್ಕೆ ದೊಡ್ಡ ತುತ್ತೂರಿ ಊದುವ ಸಂಗೀತದ ಮೇಷ್ಟ್ರು. ಎಂಜಿನ್ ಚಾಲೂ ಮಾಡಿ ಕಣ್ಣು ಮುಚ್ಚಿಕೊಂಡರು. "ಕೇಳಿ, ಆರೂ ಒಂದೇ ಶ್ರುತಿ!" ಕೆಂಪುಶಾಯಿಯವರು ಕೇಳಿದರು, ಮೈ ಜುಮ್ಮೆಂದಿತು. ಆದರೆ ಮುಖದಲ್ಲಿ ತೋರಿಸಲಿಲ್ಲ. ಕೊಳ್ಳುವವನ ಮುಖ ಯಾವತ್ತೂ ಹರಳೆಣ್ಣೆ ಕುಡಿದಂತಿರಬೇಕು ಎಂಬುದು ಅವರ ಸಿದ್ಧಾಂತ.

"ಇಷ್ಟು ಚೆನ್ನಾಗಿದ್ರೆ ಯಾಕೆ ಮಾರೋದು?"

"ಈ ತುತ್ತೂರಿ ದೆಸೆಯಿಂದ. ಪೆಟ್ಟಿಗೆ ಡಿಕ್ಕಿಲಿ ಹಿಡಿಯಲ್ಲ. ಹಿಂದಿನ ಸೀಟು ಮಡಚೋಕೂ ಬರಲ್ಲ."

'ಸಂಗೀತ ವಾದ್ಯದ ವಿಷಯ, ಅಪ್ರಸ್ತುತ' ಎಂದು ಕೆಂಪುಶಾಯಿಯವರು ಆ ಮಾತನ್ನು ಮನಸ್ಸಿನಲ್ಲೇ ಹೊಡೆದುಹಾಕಿದರು.

ಮನೆಗೆ ಬಂದು ತುಲನಾತ್ಮಕ ಪಟ್ಟಿ ಬರೆಯಲು ಕೂತರು. ಎಡಕ್ಕೆ ಕರಿ, ಬಲಕ್ಕೆ ಬೆಳ್ಳಿ, ನಲವತ್ತೊಂದು ಅಂಶ! ಟೈರಿನ ಸವೆತದಿಂದ ಹಿಡಿದು ವೈಪರ್ ಮಾಡುವ ಸದ್ದಿನವರೆಗೆ ಯಾವುದನ್ನೂ ಬಿಡಲಿಲ್ಲ. ಪ್ರತಿ ಅಂಶಕ್ಕೂ ಅಂಕ. ಕೂಡಿ ನೋಡಿದರೆ ಕರಿಗೆ ಇಪ್ಪತ್ತೂವರೆ, ಬೆಳ್ಳಿಗೆ ಇಪ್ಪತ್ತೂವರೆ. ಮತ್ತೆ ಕೂಡಿದರು. ಮತ್ತೆ ಅದೇ. ಅತ್ತ ದರಿ ಇತ್ತ ಪುಲಿ ಎನ್ನುತ್ತಾರೆ. ಇಲ್ಲಿ ಎರಡೂ ಕಡೆ ಪುಲಿಯೇ, ಎರಡಕ್ಕೂ ಆರಾರು ಸಿಲಿಂಡರು.

ಅವರು ಕೈತೊಳೆಯಲು ಎದ್ದಾಗ ಹೆಂಡತಿ ಪಟ್ಟಿಯ ಕೊನೆಯಲ್ಲಿ ಪೆನ್ಸಿಲಿನಿಂದ ಒಂದು ಪದ ಬರೆದಿಟ್ಟು ಅಡುಗೆಮನೆಗೆ ಹೋದಳು.

"ರೀ, ನಾನು ಬರೆದಿದ್ದು ನೋಡಿದ್ರಾ?"

"ನೋಡಿದೆ. ತಿದ್ದಿದ್ದೂ ಆಯ್ತು. ನೀನು ನಿಶ್ಚಿಂತೆಯಾಗಿರು!"

ಪಾಪ, ಆಕೆ ನಿಶ್ಚಿಂತೆಯಾಗಿದ್ದಳು.

ಮಂಗಳವಾರ ಕೆಂಪುಶಾಯಿಯವರ ತಲೆಯಲ್ಲಿ ಮಹಾಯೋಜನೆ ಮೂಡಿತು. ಅಂಕ ಸಮವಾದರೆ ಬೆಲೆಯೇ ತೀರ್ಮಾನಿಸಲಿ! ಯಾರು ಮೊದಲು ಇಳಿಸುತ್ತಾರೋ ಅವರದು.

"ಕೊಳ್ಳೋ ಸಾಮಾನನ್ನ ಯಾವತ್ತೂ ಹೊಗಳಬಾರ್ದು ಕಣೇ. ಪಕ್ಕದವನದನ್ನ ಹೊಗಳ್ಬೇಕು. ಇವನು ತಾನಾಗೇ ದಾರಿಗೆ ಬರ್ತಾನೆ."

"ಯಾವುದಾದ್ರೂ ಒಂದು ತಗೊಳ್ರೀ. ನನ್ನ ಹೆಗಲು ನಿಮ್ಮ ಯೋಜನೆಗೆಲ್ಲ ಕಾಯಲ್ಲ."

"ಶುಕ್ರವಾರದೊಳಗೆ ಇಬ್ಬರೂ ಫೋನ್ ಮಾಡಿ ಗೋಗರೀತಾರೆ, ನೋಡ್ತಿರು!"

ಪ್ರೆಸ್ಸಿನಲ್ಲಿ ಊಟದ ಬಿಡುವಿನಲ್ಲಿ ಎರಡು ಹಾಳೆ ಅಚ್ಚು ಹಾಕಿಸಿದರು. ಡಾಕ್ಟರಿಗೆ ಕೊಡುವ ಹಾಳೆಯಲ್ಲಿ ಕರಿ ಕಾರಿನ ದೋಷಗಳು, ಬೆಳ್ಳಿ ಕಾರಿನ ಗುಣಗಾನ. ಮೇಷ್ಟ್ರಿಗೆ ಕೊಡುವುದರಲ್ಲಿ ಬೆಳ್ಳಿಯ ಮಾನ ಹರಾಜು, ಕರಿಗೆ ಮಂಗಳಾರತಿ. ಹೊಗಳಿಕೆಯಲ್ಲಿ ಒಂದು ಸುಳ್ಳೂ ಇರಲಿಲ್ಲ. ಬೆಳ್ಳಿಯಲ್ಲಿ 'ಚಾಲಕನ ಮಂಡಿಗೆ ಧಾರಾಳ ಜಾಗ' ಎಂದಿತ್ತು. ಕರಿಯ ಮೂವತ್ತೇಳನೇ ಅಂಶ, 'ಹಿಂದಿನ ಸೀಟು ಪೂರ್ತಿ ಮಡಚುತ್ತದೆ. ದೂರ ಪ್ರಯಾಣದಲ್ಲಿ ಕಾಲು ಚಾಚಿ ಮಲಗಬಹುದು'. ಎರಡು ಬಣ್ಣ, ಅಂದವಾದ ಅಂಚು, ಮದುವೆಯ ಕರೆಯೋಲೆಗೂ ಅಂಥ ಶೋಭೆ ಇರುವುದಿಲ್ಲ. ಬುಧವಾರ ಸಂಜೆ ಎರಡೂ ಹಾಳೆಗಳನ್ನು ತಾವೇ ಹೋಗಿ ತಲುಪಿಸಿ, ಹರಳೆಣ್ಣೆ ಮುಖ ಮಾಡಿಕೊಂಡೇ ವಾಪಸಾದರು.

ಗುರುವಾರ ಫೋನ್ ಬರಲಿಲ್ಲ. ಶುಕ್ರವಾರವೂ ಇಲ್ಲ. ತಡೆಯಲಾರದೆ ತಾವೇ ಡಾಕ್ಟರಿಗೆ ಮಾಡಿದರು. ಬಿಜಿ. ಮೇಷ್ಟ್ರಿಗೆ ಮಾಡಿದರು. ಬಿಜಿ! ಅರ್ಧ ಗಂಟೆ ಬಿಟ್ಟು ಇಬ್ಬರಿಗೂ ಮಾಡಿದರೆ ಇಬ್ಬರೂ ಬಿಜಿ!

"ಏನ್ ಜನಾನೋ ಏನೋ! ಹೊತ್ತೂ ಗೊತ್ತೂ ಇಲ್ದೆ ಯಾರ ಹತ್ರ ಮಾತಾಡ್ತಾರೆ ಇವ್ರು?" ಎಂದು ಹಲ್ಲು ಕಡಿದರು.

"ಹಲ್ಲು ಕಡೀಬೇಡಿ. ಡಾಕ್ಟರ್ ಬೇರೆ ಬಿಜಿ," ಎಂದಳು ಹೆಂಡತಿ. ಆ ದಿನ ಬಸ್ಸಿನಲ್ಲಿ ಆಕೆಯ ಮೇಜು ಒಬ್ಬರ ಕಾಲ ಮೇಲೆ ಬಿದ್ದು, ಅವರ ಪಾದಕ್ಕೆ ಪುಕ್ಕಟೆ ಚಿಕಿತ್ಸೆ ಕೊಟ್ಟು ಬಂದಿದ್ದಳು. "ನಾಳೆ ಶನಿವಾರ. ಆಮೇಲೆ ಉಳಿಯೋದು ಭಾನುವಾರ ಒಂದೇ. ನಾಳೆ ಸಂಜೆಯೊಳಗೆ ಬಾಗಿಲಲ್ಲಿ ಗಾಡಿ ನಿಂತಿರ್ಬೇಕು. ನೀವು ತರ್ತೀರೋ, ನಾನು ತರ್ಲೋ?"

"ನಾನೇ ತರ್ತೀನಿ! ಕರೀದೇ ಖಾಯಂ!" ಹೀಗೆ ಒಂದು ವಾರ ಎಳೆದಾಡಿದ ತೀರ್ಮಾನ ಬೈಗುಳದ ಭಯಕ್ಕೆ ಒಂದೇ ಕ್ಷಣದಲ್ಲಿ ಆಗಿಹೋಯಿತು.

ಶನಿವಾರ ಬೆಳಿಗ್ಗೆ ಮುಂಗಡದ ಲಕೋಟೆಯನ್ನು ಎದೆಜೇಬಿನಲ್ಲಿಟ್ಟುಕೊಂಡು ಡಾಕ್ಟರ ಮನೆಗೆ ಹೋದರು. ಗೇಟಿನ ಬಳಿಯೇ ಕಾಲು ನಿಂತಿತು. ಒಳಗೆ ನಿಂತಿದ್ದದ್ದು ಬೆಳ್ಳಿ ಕಾರು.

ಮನೆ ತಪ್ಪಿತೇ? ಇಲ್ಲ, ಹಲ್ಲಿನ ಚಿತ್ರದ ಬೋರ್ಡು ಅಲ್ಲೇ ಇತ್ತು. ಡಾಕ್ಟರು ಮೂವತ್ತೆರಡೂ ಹಲ್ಲು ಬಿಟ್ಟುಕೊಂಡು ಓಡಿಬಂದರು.

"ಬನ್ನಿ ಬನ್ನಿ, ದೇವರು ಬಂದ ಹಾಗೆ ಬಂದ್ರಿ! ನಾಲ್ಕು ವರ್ಷ ಓಡಿಸಿದ್ರೂ ನನ್ನ ಕಾರಿಗೆ ಇಷ್ಟು ಕಾಯಿಲೆ ಇದೆ ಅಂತ ಗೊತ್ತೇ ಇರ್ಲಿಲ್ಲ. ನಿಮ್ಮ ಹಾಳೆ ಕಣ್ಣು ತೆರೆಸ್ತು! ಅದರಲ್ಲೂ ಆ ಮಂಡಿ ವಿಷಯ!"

"ಆದ್ರೆ... ಬೆಳ್ಳಿ ಕಾರು ಮೇಷ್ಟ್ರದು ಅಂತ ನಿಮಗೆ ಹೇಗೆ..."

"ನೀವೇ ಹಾಕಿದ್ರಲ್ಲ, ಅಡಿಟಿಪ್ಪಣಿ! 'ಆಧಾರ: ಕಾರಿನ ಮಾಲೀಕರು', ಪಕ್ಕದಲ್ಲೇ ಫೋನ್ ನಂಬರು! ಅವರ ಹಾಳೇಲಿ ನನ್ನ ನಂಬರ್ ಇತ್ತಂತೆ. ಎರಡು ದಿನ ಅದೇ ಮಾತಾಡಿದ್ವಿ. ನಿನ್ನೆ ಸಂಜೆ ಅದಲುಬದಲು ಮಾಡ್ಕೊಂಡ್ವಿ. ಅಷ್ಟೇ, ಮುಗೀತು!"

ಕೆಂಪುಶಾಯಿಯವರು ಬಾಯಿ ತೆರೆದರು. ಹಾಗೆಯೇ ನಿಂತರು. ಡಾಕ್ಟರು ಅಭ್ಯಾಸಬಲದಿಂದ ಒಳಗೆ ಬಗ್ಗಿ ನೋಡಿ, "ಎಡಗಡೆ ಕೊನೇದು ತೂತಾಗಿದೆ. ಬನ್ನಿ, ನಿಮಗೆ ಪುಕ್ಕಟೆ ತುಂಬಿಕೊಡ್ತೀನಿ," ಎಂದರು.

ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಎನ್ನುವುದನ್ನು ಕೇಳಿದ್ದೇವೆ. ಮೂರನೆಯವನು ಮೈ ಮುರಿದು ದುಡಿದು, ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ, ಇಬ್ಬರಿಗೂ ಲಾಭ ಮಾಡಿಕೊಟ್ಟು ತಾನು ಬಸ್ಸು ಹತ್ತಿದ್ದು ಇದೇ ಮೊದಲಿರಬೇಕು. ಮೇಷ್ಟ್ರಾದರೂ ಮನಸ್ಸು ಬದಲಿಸಿ ಕರಿ ಕಾರನ್ನು ತಮಗೆ ಕೊಟ್ಟಾರು ಎಂಬ ಆಸೆಯಿಂದ ಅಲ್ಲಿಗೂ ಹೋದರು. ಕರಿ ಕಾರಿನ ಹಿಂಬಾಗಿಲುಗಳು ತೆರೆದಿದ್ದವು. ಮಡಚಿದ ಸೀಟಿನ ಮೇಲೆ ತುತ್ತೂರಿಯ ಪೆಟ್ಟಿಗೆ, ಉಂಡು ಮಲಗಿದ ಹಿರಿಯರಂತೆ ಉದ್ದಕ್ಕೆ ಮಲಗಿತ್ತು.

"ನಿಮ್ಮ ಮೂವತ್ತೇಳನೇ ಅಂಶ, ಸ್ವಾಮಿ!" ಮೇಷ್ಟ್ರ ಕಣ್ಣಲ್ಲಿ ನೀರು. "ಆರು ವರ್ಷ ನಾನು ಹುಡುಕ್ತಿದ್ದದ್ದು ಇದನ್ನೇ. ಇನ್ನು ಸಾಯೋವರೆಗೂ ಮಾರಲ್ಲ!"

ಕೃತಜ್ಞತೆಗೆಂದು ಒಂದು ರಾಗವನ್ನೂ ಊದಿದರು. ಕೆಂಪುಶಾಯಿಯವರಿಗೆ ಅಳು ಬಂತು. ಸಂಗೀತಕ್ಕೇ ಕರಗಿದ್ದು ಎಂದುಕೊಂಡು ಮೇಷ್ಟ್ರು ಇನ್ನೊಂದನ್ನು ಊದಿದರು.

ಮನೆ ತಲುಪಿದಾಗ ಸಂಜೆ. ಬಾಗಿಲಲ್ಲಿ ಗಾಡಿ ನಿಂತಿತ್ತು! ಆದರೆ ಅದು ಸಲೂನೂ ಅಲ್ಲ, ಸ್ಪೋರ್ಟ್ಸೂ ಅಲ್ಲ. ತಗ್ಗಾದ ಮೂತಿಯ, ಡಬ್ಬದಾಕಾರದ, ಬ್ರೆಡ್ಡು ಹಂಚುವ ವ್ಯಾನು. ರಸ್ತೆಯ ತುಂಬ ಬಿಸಿ ಬ್ರೆಡ್ಡಿನ ವಾಸನೆ. ಮುಂದಿನ ಸೀಟಿನಲ್ಲಿ ಅತ್ತೆ ಆಗಲೇ ಬೆಲ್ಟು ಕಟ್ಟಿಕೊಂಡು ಕೂತಿದ್ದರು.

"ನಮ್ಮ ಬೇಕರಿಯವರದು," ಎಂದಳು ಹೆಂಡತಿ. "ಅವರ ಸೊಂಟ ನಾನೇ ನೋಡ್ತಿರೋದು. ಹೊಸಾ ಗಾಡಿ ತಗೊಂಡ್ರಂತೆ, ಇದನ್ನ ನಮಗೆ ಕೊಟ್ರು. ಹಿಂದಿನ ಬಾಗಿಲು ತೆಗೆದೆ, ಮೇಜು ತಳ್ಳಿದೆ, ಹೋಯ್ತು. ತಗೊಂಡೆ."

"ಎಷ್ಟು ಸಿಲಿಂಡರು?"

"ಕೇಳ್ಲಿಲ್ಲ."

ಕೆಂಪುಶಾಯಿಯವರು ಮೆಟ್ಟಿಲ ಮೇಲೆ ಕುಸಿದು ಕೂತು ನಡೆದದ್ದನ್ನೆಲ್ಲ ಹೇಳಿದರು. ಮೀಸೆ ಮಣ್ಣಾಗಬಾರದೆಂದು, "ಅಷ್ಟು ಸಮಸಮ ಇದ್ದಾಗ ಯಾರಿಗಾದ್ರೂ ಆರಿಸೋದು ಕಷ್ಟವೇ. ನಲವತ್ತೊಂದು ಅಂಶದಲ್ಲೂ ತೀರ್ಮಾನ ಆಗ್ಲಿಲ್ಲ ಅಂದ್ಮೇಲೆ..." ಎಂದು ರಾಗ ಎಳೆದರು.

"ಕರೀದ್ರಲ್ಲಿ ಹಿಂದಿನ ಸೀಟು ಪೂರ್ತಿ ಮಡಚುತ್ತಾ?"

"ಹೂಂ."

"ಬೆಳ್ಳೀದ್ರಲ್ಲಿ?"

"ಇಲ್ಲ."

"ಅಂದ್ರೆ ತುತ್ತೂರಿ ಮಲಗಿರೋ ಜಾಗದಲ್ಲಿ ನನ್ನ ಮೇಜು ಮಲಗ್ತಿತ್ತು."

ಹೆಂಡತಿ ಒಳಗೆ ಹೋಗಿ ಮೊದಲ ಪಟ್ಟಿಯ ಕರಡನ್ನು ತಂದು ಅವರ ಮುಂದೆ ಹಿಡಿದಳು. ನಲವತ್ತೊಂದು ಅಂಶಗಳ ಕೆಳಗೆ ಆಕೆ ಪೆನ್ಸಿಲಿನಿಂದ ಬರೆದ ಒಂದೇ ಪದವಿತ್ತು: 'ಮೇಜು?' ಅದರ ಮೇಲೆ ಕೆಂಪು ಗೆರೆ. ಪಕ್ಕದ ಅಂಚಿನಲ್ಲಿ ಮುತ್ತಿನಂಥ ಅಕ್ಷರದಲ್ಲಿ ಟಿಪ್ಪಣಿ: 'ಪೀಠೋಪಕರಣ. ವಾಹನಕ್ಕೆ ಸಂಬಂಧವಿಲ್ಲ.'

ಎಷ್ಟು ಹೊತ್ತು ನೋಡಿದರೂ ಆ ಅಕ್ಷರ ಬೇರೆಯವರದಾಗಲಿಲ್ಲ. ಶನಿವಾರದಿಂದ ಶನಿವಾರದವರೆಗೆ ಅವರು ಪಟ್ಟ ಪಾಡಿಗೆಲ್ಲ ಉತ್ತರ ಮೊದಲ ದಿನವೇ ಆ ಹಾಳೆಯಲ್ಲಿತ್ತು, ಹೊಡೆದುಹಾಕಿದ್ದು ಅವರೇ. ಕೆಂಪುಶಾಯಿಯವರು ಎದೆಜೇಬಿನಿಂದ ಪೆನ್ನು ತೆಗೆದರು. ಹಾಳೆಯನ್ನು ಮಂಡಿಯ ಮೇಲಿಟ್ಟುಕೊಂಡು, ಹೊಡೆದ ಪದದ ಕೆಳಗೆ ಒಂದು, ಎರಡು, ಮೂರು ಕೆಂಪು ಚುಕ್ಕಿ ಇಟ್ಟರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ!

ಹೆಂಡತಿ ಬಗ್ಗಿ ನೋಡಿದಳು. ಆ ಗುರುತಿನ ಅರ್ಥ ಆಕೆಗೆ ಗೊತ್ತಿತ್ತು. ಹದಿನೆಂಟು ವರ್ಷದಿಂದ ಕಾದಿದ್ದಳು.

"ಕೆಳಗೆ ಜಾಗ ಇದೆಯಲ್ಲಾ, ಇನ್ನೊಂದೈವತ್ತು ಇಟ್ಬಿಡಿ," ಎಂದಳು. "ಹಳೇ ಬಾಕಿಗೂ ಆಯ್ತು, ಮುಂದಕ್ಕೂ ಆಯ್ತು."